ಏಳು ಕುರ್ತಾ, ನಾಲ್ಕು ಪ್ಯಾಂಟ್, ಆರು ಸೀರೆ: ಪುಟ್ಟ ಮಕ್ಕಳ ತಾಯಂದಿರು ಬೀರು ಜೋಡಿಸುವ ಬಗೆ

ಬೀರು ಬಾಗಿಲು ತೆಗೆದರೆ ಬಟ್ಟೆ ಮೈಮೇಲೆ ಬೀಳುತ್ತದೆ, ಆದರೂ ಬೆಳಗ್ಗೆ ಹಾಕಿಕೊಳ್ಳಲು ಒಂದೂ ಸಿಗುವುದಿಲ್ಲ. ಹೆಚ್ಚಿನ ಮನೆಗಳಲ್ಲಿ ತಪ್ಪಿರುವುದು ಜೊತೆ. ಕುರ್ತಾ ಇದೆ, ಅದಕ್ಕೆ ಹೊಂದುವ ಒಂದೇ ಒಂದು ಪ್ಯಾಂಟ್ ಒಗೆಯಲು ಬಿದ್ದಿದೆ. ಸೀರೆ ಇದೆ, ರವಿಕೆಯ ಹುಕ್ ಕಿತ್ತಿದೆ. ಹೊಸ ಸೀರೆಗೆ ಫಾಲ್ ಹಚ್ಚಿಸಿಲ್ಲ. ಹಾಗಾಗಿ ಇಲ್ಲಿ ಲೆಕ್ಕಕ್ಕೆ ಬರುವುದು ಕೈಹಾಕಿ ತೆಗೆದು ತಕ್ಷಣ ಹಾಕಿಕೊಳ್ಳಬಹುದಾದ ಜೊತೆಗಳು ಮಾತ್ರ.

ಈ ಮಾರ್ಗದರ್ಶಿಯ ಅಂಕಿಗಳು ವಾರಕ್ಕೆ ಐದು ದಿನ ಕೆಲಸಕ್ಕೆ ಹೋಗುವ, ಆರು ವರ್ಷದೊಳಗಿನ ಮಗುವಿರುವ, ಬೆಂಗಳೂರು-ಮೈಸೂರಿನಂಥ ಹವೆಯಲ್ಲಿರುವ ತಾಯಿಗೆ ಹೊಂದುವಂಥವು. ಮಲೆನಾಡು, ಕರಾವಳಿಯವರು ಏನು ಬದಲಿಸಬೇಕು ಎಂಬುದು ಮುಂದೆ ಬರುತ್ತದೆ.

ಮೊದಲು ಒಗೆತದ ಲೆಕ್ಕ

ಎಷ್ಟು ಬಟ್ಟೆ ಬೇಕು ಎಂಬುದನ್ನು ನಿರ್ಧರಿಸುವುದು ನಿಮ್ಮ ಮನೆಯಲ್ಲಿ ಎಷ್ಟು ದಿನಕ್ಕೊಮ್ಮೆ ಒಗೆಯುತ್ತೀರಿ ಎಂಬುದು. ಮೂರು ಅಂಕಿ ಕೂಡಿಸಿ: ಎರಡು ಒಗೆತಗಳ ನಡುವಿನ ಅತಿ ಹೆಚ್ಚು ದಿನ, ಒಣಗಿ ಇಸ್ತ್ರಿಯಾಗಿ ಬೀರು ಸೇರಲು ಹಿಡಿಯುವ ದಿನ, ಮೇಲೆ ಒಂದು. ಬುಧವಾರ ಮತ್ತು ಭಾನುವಾರ ಒಗೆಯುವ ಮನೆಯಲ್ಲಿ ಇದು 4 + 2 + 1, ಅಂದರೆ 7 ಕುರ್ತಾ. ವಾರಕ್ಕೊಮ್ಮೆ ಮಾತ್ರ ಒಗೆಯುವುದಾದರೆ 10. ಕೊನೆಯ ಆ ಒಂದು, ಮಗು ಹೊರಡುವ ಹೊತ್ತಿಗೆ ಹಾಲು ಕಕ್ಕಿದ ದಿನಕ್ಕೆ.

ಅಧೋವಸ್ತ್ರದ ಲೆಕ್ಕ ಬೇರೆ. ಪ್ಯಾಂಟ್, ಪಲಾಝೊಗಳನ್ನು ಎರಡು ಸಲ ಹಾಕಿ ಒಗೆಯಬಹುದು, ಲೆಗ್ಗಿಂಗ್ಸ್ ಅನ್ನು ಒಂದೇ ಸಲ. ಹೀಗಾಗಿ ಏಳು ಕುರ್ತಾಗೆ ನಾಲ್ಕು ಸಾಕು. ಒಟ್ಟು ಪಟ್ಟಿ ಹೀಗಾಗುತ್ತದೆ:

ಹೊರಗೆ ಹಾಕುವ ಕುರ್ತಾ 7
ಪ್ಯಾಂಟ್, ಪಲಾಝೊ, ಲೆಗ್ಗಿಂಗ್ಸ್ ಸೇರಿ 4
ದುಪಟ್ಟಾ ಅಥವಾ ಸ್ಟೋಲ್ 3
ಮನೆಯ ಉಡುಪು, ನೈಟಿಯೋ ಟೀಶರ್ಟ್-ಪೈಜಾಮವೋ, 4 ಜೊತೆ
ಸೀರೆ 6: ದಿನಬಳಕೆಗೆ 3, ಹಬ್ಬಕ್ಕೆ 2, ಮದುವೆ-ಮುಂಜಿಗೆ 1
ರವಿಕೆ 5, ಒಳಲಂಗ 3
ಸ್ವೆಟರ್ 1, ರೇನ್‌ಕೋಟ್ 1, ಚಪ್ಪಲಿ-ಶೂ 3 ಜೊತೆ

ಧಾರೆ ಸೀರೆ, ಅಮ್ಮ ಕೊಟ್ಟ ಸೀರೆ ಇಂಥವು ಈ ಲೆಕ್ಕದೊಳಗೆ ಬರುವುದಿಲ್ಲ. ಅವುಗಳಿಗೆ ಮೇಲಿನ ಅರೆ ಬಿಡಿ. ದಿನವೂ ಕೈಹಾಕುವ ಅರೆಯಲ್ಲಿ ಅವು ಇರಬಾರದು, ಅಷ್ಟೇ.

ಬೀರು ಖಾಲಿ ಮಾಡುವುದು

ಎಲ್ಲವನ್ನೂ ಒಂದೇ ದಿನ ಮಂಚದ ಮೇಲೆ ಸುರಿಯಬೇಡಿ. ಮಗು ಎದ್ದರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ, ರಾತ್ರಿ ಮಲಗಲು ಜಾಗವಿರುವುದಿಲ್ಲ. ದಿನಕ್ಕೆ ಒಂದು ಅರೆ, ಮುಕ್ಕಾಲು ಗಂಟೆ ಸಾಕು. ಪ್ರತಿ ಬಟ್ಟೆಯನ್ನೂ ನಾಲ್ಕರಲ್ಲಿ ಒಂದು ಗುಂಪಿಗೆ ಹಾಕಿ: ಈಗಲೇ ಹಾಕಬಹುದು, ರಿಪೇರಿ ಬೇಕು, ಅಳತೆ ಈಗ ಆಗುವುದಿಲ್ಲ, ಬೇಡ.

ರಿಪೇರಿ ಗುಂಪನ್ನು ಬೀರುವಿಗೆ ಮರಳಿ ಇಡಬೇಡಿ. ಚೀಲಕ್ಕೆ ತುಂಬಿ ಬಾಗಿಲ ಹತ್ತಿರ ನೇತುಹಾಕಿ. ಹುಕ್, ಗುಂಡಿ, ಬಿಚ್ಚಿದ ಅಂಚು ಮನೆಯಲ್ಲೇ ಆಗುತ್ತದೆ. ಜಿಪ್, ಫಾಲ್, ಕಂಕುಳಲ್ಲಿ ಬಿಟ್ಟ ಹೊಲಿಗೆ ಟೈಲರ್ ಹತ್ತಿರ ಹೋಗಲಿ. ಎರಡು ತಿಂಗಳಾದರೂ ಚೀಲ ಅಲ್ಲೇ ತೂಗುತ್ತಿದ್ದರೆ ಆ ಬಟ್ಟೆಗಳು ನಿಮಗೆ ಬೇಕಿರಲಿಲ್ಲ ಎಂದೇ ಅರ್ಥ.

ಹೆರಿಗೆಯಾಗಿ ವರ್ಷ ತುಂಬದವರು "ಅಳತೆ ಆಗುವುದಿಲ್ಲ" ಗುಂಪನ್ನು ಬಿಸಾಡುವ ಅವಸರ ಮಾಡಬಾರದು. ಮೈ ಮೊದಲಿನ ಅಳತೆಗೆ ಬರಬಹುದು, ಬರದೆಯೂ ಇರಬಹುದು. ಹಾಲೂಡಿಸುವಷ್ಟು ಕಾಲ ಎದೆಯ ಸುತ್ತಳತೆ ಬೇರೆಯೇ ಇರುತ್ತದೆ. ಪೆಟ್ಟಿಗೆಗೆ ಹಾಕಿ, ಮೇಲೆ ತಿಂಗಳು-ವರ್ಷ ಬರೆದು ಅಟ್ಟದಲ್ಲಿಡಿ. ಅದೇ ಕಾರಣಕ್ಕೆ ಈ ಅವಧಿಯಲ್ಲಿ ಮೈಗಂಟುವ ಅಳತೆಯ ದುಬಾರಿ ಬಟ್ಟೆ ಕೊಳ್ಳಬೇಡಿ. ಹೊಲಿಸುವುದಾದರೆ ಎರಡೂ ಪಕ್ಕಗಳಲ್ಲಿ ಒಂದೂವರೆ ಇಂಚು ಬಟ್ಟೆ ಒಳಗೆ ಬಿಡಲು ಹೇಳಿ, ಆಮೇಲೆ ಬಿಚ್ಚಿ ಅಗಲ ಮಾಡಿಕೊಳ್ಳಬಹುದು.

ಕೆಳಗಿನಿಂದ ಮೇಲಕ್ಕೆ ಕಟ್ಟಿ

ಅಂಗಡಿಗೆ ಹೋದರೆ ಕಣ್ಣು ಹೋಗುವುದು ಕುರ್ತಾ ಮೇಲೆ. ಚೆಂದದ ನೇರಳೆ ಕುರ್ತಾ ಮನೆಗೆ ಬರುತ್ತದೆ, ಅದಕ್ಕೆ ಹೊಂದುವ ಪ್ಯಾಂಟ್ ಹುಡುಕಲು ಇನ್ನೊಂದು ಸುತ್ತು, ಅದು ಉಳಿದ ಯಾವುದಕ್ಕೂ ಹೊಂದದೆ ಒಂದೇ ಕುರ್ತಾಗೆ ಗಂಟು ಬೀಳುತ್ತದೆ. ಇದನ್ನು ತಿರುಗಿಸಿ. ಮೊದಲು ನಾಲ್ಕು ಪ್ಯಾಂಟ್ ಬಣ್ಣ ನಿಗದಿ ಮಾಡಿ: ಕಪ್ಪು, ಕಡುನೀಲಿ, ಕೆನೆ ಬಣ್ಣ, ನಾಲ್ಕನೆಯದು ಕಂದು ಅಥವಾ ಇಟ್ಟಿಗೆ ಕೆಂಪು. ಇನ್ನು ಮುಂದೆ ಯಾವ ಕುರ್ತಾ ಮನೆಗೆ ಬರಬೇಕಾದರೂ ಈ ನಾಲ್ಕರಲ್ಲಿ ಕನಿಷ್ಠ ಎರಡಕ್ಕೆ ಹೊಂದಬೇಕು. ಏಳು ಕುರ್ತಾ ತಲಾ ಎರಡು ಪ್ಯಾಂಟ್‌ಗೆ ಹೊಂದಿದರೂ ಹದಿನಾಲ್ಕು ಜೊತೆಯಾಯಿತು, ವಾರಕ್ಕೆ ಐದು ದಿನದ ಲೆಕ್ಕದಲ್ಲಿ ಹೆಚ್ಚುಕಡಿಮೆ ಮೂರು ವಾರ ಒಂದೇ ಜೊತೆ ಮರುಕಳಿಸುವುದಿಲ್ಲ ಎಂದಾಯಿತು.

ಕೆನೆ ಬಣ್ಣ ಒಂದೇ ಇರಲಿ. ಮಗುವಿನ ಕೈ ಸರಿಯಾಗಿ ನಿಮ್ಮ ತೊಡೆಯ ಎತ್ತರಕ್ಕೆ ಬರುತ್ತದೆ, ಆ ಕೈಯಲ್ಲಿ ಸದಾ ಏನಾದರೊಂದು ಅಂಟಿರುತ್ತದೆ.

ನೇರ ಕಾಲಿನ ಪ್ಯಾಂಟ್‌ಗೆ ಹತ್ತಿಯ ಜೊತೆ ಸ್ವಲ್ಪ ಸ್ಪ್ಯಾಂಡೆಕ್ಸ್ ಬೆರೆತ ಬಟ್ಟೆ ಒಳ್ಳೆಯದು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರೂ ಹಿಡಿಯುವುದಿಲ್ಲ. ಲೆಗ್ಗಿಂಗ್ಸ್ ಕೊಳ್ಳುವಾಗ ಒಳಗೆ ಅಂಗೈ ಹಾಕಿ ಅಗಲಿಸಿ ನೋಡಿ. ಬೆರಳ ಗೆರೆ ಕಂಡರೆ ಬಿಡಿ, ಹಾಕಿಕೊಂಡಾಗಲೂ ಹಾಗೆಯೇ ಕಾಣುತ್ತದೆ. ಸೊಂಟದ ಪಟ್ಟಿ ಎರಡಿಂಚಾದರೂ ಅಗಲವಿರಲಿ; ಸಿಸೇರಿಯನ್ ಆದವರಿಗೆ ಹೊಲಿಗೆಯ ಗೆರೆಯ ಮೇಲೆ ಕೂರುವ ಸಣ್ಣ ಎಲಾಸ್ಟಿಕ್ ಬಹಳ ದಿನ ಕಾಡುತ್ತದೆ.

ಕುರ್ತಾ: ಬಟ್ಟೆ, ಅಳತೆ, ಪರೀಕ್ಷೆ

ಹೆಚ್ಚು ಹಣ ಹೋಗುವುದೂ ಹೆಚ್ಚು ತಪ್ಪಾಗುವುದೂ ಇಲ್ಲೇ.

ಹತ್ತಿ ಬೆವರು ಹೀರುತ್ತದೆ, ಬಿಸಿನೀರು ತಡೆಯುತ್ತದೆ, ಆದರೆ ಇಸ್ತ್ರಿ ಕೇಳುತ್ತದೆ, ಮೊದಲ ಒಗೆತದಲ್ಲಿ ಕುಗ್ಗುತ್ತದೆ. ಶೇಕಡಾ 4 ಕುಗ್ಗಿದರೂ 44 ಇಂಚಿನ ಕುರ್ತಾ ಒಂದೂಮುಕ್ಕಾಲು ಇಂಚು ಗಿಡ್ಡವಾಗುತ್ತದೆ. ಮಂಡಿಗೆ ಸರಿಯಾಗಿ ಬರುವ ಉದ್ದ ಬೇಕಿದ್ದರೆ ಎರಡಿಂಚು ಹೆಚ್ಚಿನದನ್ನೇ ಕೊಳ್ಳಿ. ರೇಯಾನ್ ಮೈಮೇಲೆ ಚೆನ್ನಾಗಿ ಇಳಿಯುತ್ತದೆ, ಅಂಗಡಿಯಲ್ಲಿ ಮನಸ್ಸು ಸೆಳೆಯುತ್ತದೆ. ಆದರೆ ಒದ್ದೆಯಾದಾಗ ಅದರ ನೂಲಿನ ಬಲ ತಗ್ಗುತ್ತದೆ. ಹಿಂಡಿ ತಿರುಚಿದರೆ ಹೊಲಿಗೆಯ ಬಳಿ ಹಿಸಿಯುತ್ತದೆ, ಭಾರಕ್ಕೆ ಜೋತು ಅಂಚು ಸೊಟ್ಟಗಾಗುತ್ತದೆ. ಏಳರಲ್ಲಿ ಎರಡು ರೇಯಾನ್ ಸಾಕು. ಪಾಲಿಯೆಸ್ಟರ್ ಬೇಗ ಒಣಗುತ್ತದೆ, ಸುಕ್ಕಾಗುವುದಿಲ್ಲ, ಬೆವರಿನ ವಾಸನೆ ಮಾತ್ರ ಒಗೆದರೂ ಪೂರ್ತಿ ಹೋಗುವುದಿಲ್ಲ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಅದನ್ನು ಹಾಕುವ ಮಾತೇ ಇಲ್ಲ.

"ಪ್ಯೂರ್ ಕಾಟನ್" ಎಂದು ಹೇಳಿ ಮಿಶ್ರಣ ಮಾರುವುದು ಹೊಸತೇನಲ್ಲ. ಒಳಹೊಲಿಗೆಯಿಂದ ಒಂದು ಎಳೆ ಕಿತ್ತು, ಸಿಂಕ್ ಮೇಲೆ ಚಿಮುಟದಲ್ಲಿ ಹಿಡಿದು ಬೆಂಕಿ ತಾಗಿಸಿ. ಹತ್ತಿ ಕಾಗದದಂತೆ ಉರಿದು ಹುಡಿ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ, ತುದಿಯಲ್ಲಿ ಗಟ್ಟಿ ಗುಂಡು ಕಟ್ಟುತ್ತದೆ. ರೇಯಾನ್ ಕೂಡ ಹತ್ತಿಯಂತೆಯೇ ಉರಿಯುವುದರಿಂದ ಈ ಪರೀಕ್ಷೆ ಅವೆರಡನ್ನು ಬೇರ್ಪಡಿಸುವುದಿಲ್ಲ. ಕೈಗೆ ತಣ್ಣಗೆ, ನುಣುಪಾಗಿ, ಭಾರವಾಗಿ ಸಿಕ್ಕರೆ ರೇಯಾನ್ ಇರಬಹುದು.

ಎಲ್, ಎಕ್ಸೆಲ್ ಗುರುತು ನಂಬಬೇಡಿ, ಒಬ್ಬೊಬ್ಬ ತಯಾರಕರದು ಒಂದೊಂದು ಅಳತೆ. ಮನೆಯಲ್ಲಿ ಅತ್ಯಂತ ಹಿತವಾಗಿ ಕೂರುವ ಕುರ್ತಾವನ್ನು ನೆಲದ ಮೇಲೆ ಹರಡಿ ಕಂಕುಳಿಂದ ಕಂಕುಳಿಗೆ, ಸೊಂಟದ ಕೆಳಗಿನ ಅಗಲ, ಭುಜ, ಉದ್ದ ಅಳೆದು ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಹಿಗ್ಗದ ಹತ್ತಿ ಬಟ್ಟೆಯಾದರೆ ಕುರ್ತಾದ ಸುತ್ತಳತೆ ಎದೆಯ ಸುತ್ತಳತೆಗಿಂತ ಮೂರು-ನಾಲ್ಕು ಇಂಚು ಹೆಚ್ಚಿರಬೇಕು. ಆನ್‌ಲೈನಿನಲ್ಲಿ ಕೊಳ್ಳುವಾಗ ಬಟ್ಟೆಯ ಅಳತೆ ಕೊಟ್ಟಿದ್ದಾರೋ ಮೈಯ ಅಳತೆ ಕೊಟ್ಟಿದ್ದಾರೋ ಎಂಬುದನ್ನು ನೋಡಿ, ಹಿಂತಿರುಗಿಸುವ ಪಾರ್ಸೆಲ್‌ಗಳಲ್ಲಿ ಅನೇಕವು ಈ ಗೊಂದಲದಿಂದಲೇ.

ಟ್ರಯಲ್ ರೂಮಿನಲ್ಲಿ ಕನ್ನಡಿಯ ಮುಂದೆ ನೆಟ್ಟಗೆ ನಿಂತು ನೋಡಿದರೆ ಏನೂ ಗೊತ್ತಾಗುವುದಿಲ್ಲ. ಬಸ್ಸಿನ ಕಂಬಿ ಹಿಡಿದಂತೆ ಒಂದು ಕೈ ಎತ್ತಿ. ಇಡೀ ಕುರ್ತಾ ಮೇಲೇರಿದರೆ ತೋಳಿನ ಕತ್ತರಿಕೆ ಸರಿಯಿಲ್ಲ. ನೆಲದಲ್ಲಿ ಬಿದ್ದ ಮಗುವನ್ನು ಎತ್ತುವಂತೆ ಬಗ್ಗಿ. ಕತ್ತು ಎಷ್ಟು ತೆರೆಯುತ್ತದೆ ನೋಡಿ. ಕುಕ್ಕರಗಾಲಲ್ಲಿ ಕೂತು ಏಳಿ. ಸ್ಕೂಟರ್ ಓಡಿಸುವವರು ಕಾಲು ಅಗಲಿಸಿ ನೋಡಿ, ಪಕ್ಕದ ಸೀಳು ಸೊಂಟದ ಪಟ್ಟಿಗಿಂತ ಮೇಲೆ ಶುರುವಾದರೆ ಗಾಳಿಗೆ ಹೊಟ್ಟೆ ಕಾಣುತ್ತದೆ.

ಎರಡು ವರ್ಷದೊಳಗಿನ ಮಗುವಿದ್ದರೆ ಕತ್ತಿನ ಸುತ್ತ ಮಣಿ, ಕನ್ನಡಿ, ಮಿಣುಕು ಬೇಡ. ಎತ್ತಿಕೊಂಡಾಗ ಮಗುವಿನ ಕೆನ್ನೆ ಗೀರುತ್ತದೆ, ಕಿತ್ತ ಮಣಿ ನೇರ ಬಾಯಿಗೆ ಹೋಗುತ್ತದೆ. ಹಾಲೂಡಿಸುವವರಿಗೆ ಎದೆಯ ಎರಡೂ ಕಡೆ ಉದ್ದ ಹೊಲಿಗೆಯಲ್ಲಿ ಅಡಗಿಸಿದ ಎಂಟು-ಒಂಬತ್ತು ಇಂಚಿನ ಜಿಪ್ ಇರುವ ಕುರ್ತಾ ಮೂರು ಸಾಕು, ಉಳಿದವು ಮುಂದೆ ಗುಂಡಿ ಇರುವ ಮಾಮೂಲಿ ಕುರ್ತಾಗಳೇ ಆಗಲಿ. ಜಿಪ್ಪಿನ ಒಳಬದಿಗೆ ಪಟ್ಟಿ ಹೊಲಿದಿರಬೇಕು, ಇಲ್ಲದಿದ್ದರೆ ಚರ್ಮ ಕಚ್ಚುತ್ತದೆ.

ಬಣ್ಣದ ವಿಷಯ: ಬೂದು, ತಿಳಿನೀಲಿಯಂಥ ಒಂದೇ ಬಣ್ಣದ ಬಟ್ಟೆ ಬೆವರು, ನೀರಿನ ಹನಿ, ಎಣ್ಣೆ ಎಲ್ಲವನ್ನೂ ಸಾರಿ ಹೇಳುತ್ತದೆ. ಸಣ್ಣ ಹೂವಿನ, ಎಲೆಯ ಅಚ್ಚು ಮುಚ್ಚಿಕೊಳ್ಳುತ್ತದೆ. ಏಳರಲ್ಲಿ ನಾಲ್ಕು ಅಚ್ಚಿನವು, ಮೂರು ಸಾದಾ ಇರಲಿ. ಸಾದಾ ಕುರ್ತಾಗೆ ಅಚ್ಚಿನ ದುಪಟ್ಟಾ ಹೊದ್ದರೆ ಪೂಜೆಗೂ ಆಯಿತು, ಮೀಟಿಂಗಿಗೂ ಆಯಿತು. ದ್ವಿಚಕ್ರ ಓಡಿಸುವವರು ಎರಡೂವರೆ ಮೀಟರಿನ ದುಪಟ್ಟಾವನ್ನು ಚೀಲದಲ್ಲಿಟ್ಟುಕೊಂಡು ಹೋಗಿ ಆಫೀಸಿನಲ್ಲಿ ಹೊದ್ದುಕೊಳ್ಳಿ. ಹಿಂದಿನ ಚಕ್ರಕ್ಕೆ ಸಿಕ್ಕಿದರೆ ಕತ್ತಿಗೇ ಬರುತ್ತದೆ.

ಬಟ್ಟೆ ತಂದು ಹೊಲಿಸುವುದಾದರೆ 44 ಇಂಚು ಪನ್ನದ, ಅಂದರೆ ಅಗಲದ, ಬಟ್ಟೆಯಲ್ಲಿ ಮುಕ್ಕಾಲು ತೋಳಿನ ಕುರ್ತಾಗೆ ಎರಡೂವರೆ ಮೀಟರ್, 36 ಇಂಚಿನ ಕೈಮಗ್ಗದ ಬಟ್ಟೆಯಾದರೆ ಮೂರು ಮೀಟರ್ ಹಿಡಿಯುತ್ತದೆ. ಹೊಲಿಯಲು ಕೊಡುವ ಮುಂಚೆ ರಾತ್ರಿಯಿಡೀ ನೆನೆಸಿ ನೆರಳಲ್ಲಿ ಒಣಗಿಸಿ, ಲೈನಿಂಗ್ ಬಟ್ಟೆಯನ್ನೂ. ಲೈನಿಂಗ್ ನೆನೆಸದೆ ಹೊಲಿದರೆ ಮೊದಲ ಒಗೆತಕ್ಕೆ ಅದು ಕುಗ್ಗಿ ಮೇಲಿನ ಬಟ್ಟೆಯನ್ನು ಎಳೆಯುತ್ತದೆ, ಕುರ್ತಾದ ತುಂಬ ನಿರಿಗೆ. ಬಲ ಪಕ್ಕದಲ್ಲಿ ಆರಿಂಚು ಬಾಯಿ, ಒಂಬತ್ತಿಂಚು ಆಳದ ಜೇಬು ಇಡಲು ಮರೆಯದೆ ಹೇಳಿ. ಫೋನ್, ಮನೆಯ ಕೀಲಿ, ಮಗುವಿನ ಕರ್ಚೀಫು ಅದರಲ್ಲಿ ಹೋಗುತ್ತದೆ.

ಸೀರೆಯ ಅರೆ

ದಿನಬಳಕೆಯ ಮೂರು ಸೀರೆಗೆ ಹತ್ತಿಯದು ಒಂದು, ಇಳಕಲ್ ಒಂದು, ಸುಕ್ಕಾಗದ ಜಾರ್ಜೆಟ್ ಅಥವಾ ಕ್ರೇಪ್ ಒಂದು. ಹೊರಡಲು ಹತ್ತೇ ನಿಮಿಷ ಇರುವ ದಿನ ಹತ್ತಿ ಸೀರೆ ಮುಟ್ಟಬೇಡಿ, ನೆರಿಗೆ ನಿಲ್ಲಲು ಅದಕ್ಕೆ ಗಂಜಿಯೂ ಇಸ್ತ್ರಿಯೂ ಬೇಕು. ಇಳಕಲ್ ಸೀರೆಯ ಮೈ ಹತ್ತಿಯದಾದರೂ ಸೆರಗು ರೇಷ್ಮೆಯದು, ಕೆಂಪಿನಲ್ಲಿ ಬಿಳಿಯ ಟೋಪ್ ತೆನಿ ಎಂಬ ನೇಯ್ಗೆಯ ವಿನ್ಯಾಸ. ಮೈಯ ಬಣ್ಣ ಸೆರಗಿಗೆ ಹತ್ತಿದರೆ ಹೋಗುವುದಿಲ್ಲ, ಆದ್ದರಿಂದ ಮೊದಲ ಮೂರು-ನಾಲ್ಕು ಸಲ ತಣ್ಣೀರಿನಲ್ಲಿ ಬೇರೆಯಾಗಿ, ನೆನೆಯಲು ಬಿಡದೆ ತೊಳೆದು ಹರಡಿ. ಉಪ್ಪಿನ ನೀರಿನಲ್ಲಿ ಅದ್ದಿದರೆ ಬಣ್ಣ ಗಟ್ಟಿಯಾಗುತ್ತದೆ ಎಂಬ ಮಾತಿದೆ. ನೇಯ್ದು ಬಂದ ಬಟ್ಟೆಯಲ್ಲಿ ಉಪ್ಪು ಬಣ್ಣವನ್ನು ಹಿಡಿದು ನಿಲ್ಲಿಸುವುದಿಲ್ಲ. ಹೆಚ್ಚುವರಿ ಬಣ್ಣ ತೊಳೆದು ಹೋಗುವವರೆಗೆ ಬೇರೆ ತೊಳೆಯುವುದೊಂದೇ ದಾರಿ.

ಆರು ಸೀರೆಗೆ ಆರು ರವಿಕೆ ಬೇಡ. ಸೀರೆಯೊಂದಿಗೆ ಬಂದ ಬಟ್ಟೆಯಲ್ಲಿ ಹಬ್ಬದ ಎರಡನ್ನು ಹೊಲಿಸಿ. ಉಳಿದಂತೆ ಕಪ್ಪು, ಕುಂಕುಮ ಕೆಂಪು, ಜೊತೆಗೆ ಗುಳೇದಗುಡ್ಡ ಖಣದ್ದೊಂದು. ಖಣ ಇಳಕಲ್‌ಗೆ ಹೇಳಿ ಮಾಡಿಸಿದ ಜೊತೆ, ಸಾದಾ ಹತ್ತಿ ಸೀರೆಗೂ ಹೊಂದುತ್ತದೆ. ಖಣದ ಪನ್ನ ಕಿರಿದು, ಉದ್ದ ತೋಳು ಬೇಕಿದ್ದರೆ ಎಷ್ಟು ಹಿಡಿಯುತ್ತದೆ ಎಂದು ಟೈಲರ್ ಅವರನ್ನು ಮೊದಲೇ ಕೇಳಿ. ಬಾಗಿನ, ಉಡಿ ತುಂಬುವಾಗ ಬಂದ ರವಿಕೆ ಕಣಗಳು ಬೀರುವಿನ ಮೂಲೆಯಲ್ಲಿ ಗುಡ್ಡೆಯಾಗಿರುತ್ತವಲ್ಲ, ಅವುಗಳಲ್ಲಿ ಹೊಲಿಸಲು ಯೋಗ್ಯವಾದವು ಕಡಿಮೆ. ಹತ್ತಿಯವನ್ನು ಲೈನಿಂಗ್‌ಗೆ ಬಳಸಿ, ಉಳಿದವು ಎಂದಿನಂತೆ ಮುಂದಿನ ಮನೆಗೆ ಹೋಗಲಿ.

ಫಾಲ್ ಕೂಡ ಕುಗ್ಗುತ್ತದೆ. ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿದ ಮೇಲೆಯೇ ಹಚ್ಚಬೇಕು, ಇಲ್ಲವಾದರೆ ಒಂದೇ ಒಗೆತಕ್ಕೆ ಸೀರೆಯ ಅಂಚು ಸುರುಟಿ ನೆರಿಗೆ ಮೇಲೇಳುತ್ತದೆ. ಪ್ರತಿ ಸೀರೆಯ ಮಡಿಕೆಯೊಳಗೇ ಅದರ ರವಿಕೆ ಇಡಿ. ಒಳಲಂಗ ಕಪ್ಪು, ಮರೂನ್, ಬಿಳಿ ಮೂರರಲ್ಲಿ ಎಲ್ಲ ಮುಗಿಯುತ್ತದೆ.

ಯಾವಾಗ ಕೊಳ್ಳಬೇಕು

ಒಂದೇ ಸಲ ಎಲ್ಲವನ್ನೂ ತರಬೇಡಿ. ಮೊದಲ ತಿಂಗಳು ಪ್ಯಾಂಟ್, ಆಮೇಲೆ ಕುರ್ತಾ ಎರಡೆರಡಾಗಿ, ಸೀರೆ ಕೊನೆಗೆ. ಆಷಾಢದ ರಿಯಾಯಿತಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ: ಮದುವೆಗಳಿಲ್ಲದ ತಿಂಗಳಾದ್ದರಿಂದ ಅಂಗಡಿಯವರು ಬೆಲೆ ಇಳಿಸುತ್ತಾರೆ, ಟೈಲರ್‌ಗಳ ಕೈಯಲ್ಲೂ ಕೆಲಸ ಕಡಿಮೆ ಇರುತ್ತದೆ. ಆಗಲೇ ಬಟ್ಟೆ ಕೊಂಡು ಆಗಲೇ ಹೊಲಿಯಲು ಕೊಟ್ಟರೆ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಸಂಜೆ ಟೈಲರ್ ಅಂಗಡಿಯಲ್ಲಿ ಕಾಯುವುದು ತಪ್ಪುತ್ತದೆ. ಕೈಮಗ್ಗದ ಸೀರೆ, ಬಟ್ಟೆಗೆ ರಾಜ್ಯ ಕೈಮಗ್ಗ ಅಭಿವೃದ್ಧಿ ನಿಗಮದ ಪ್ರಿಯದರ್ಶಿನಿ ಮಳಿಗೆಗಳಿವೆ. ಖಾದಿಗೆ ಗಾಂಧಿ ಜಯಂತಿಯ ಹೊತ್ತಿನ ರಿಯಾಯಿತಿ ಕಾಯಬಹುದು. ಎಲ್ಲಿಗೆ ಹೋದರೂ ಫೋನಿನಲ್ಲಿ ನಿಮ್ಮ ನಾಲ್ಕು ಪ್ಯಾಂಟ್‌ಗಳ ಫೋಟೊ ಇರಲಿ, ಹಗಲು ಬೆಳಕಿನಲ್ಲಿ ತೆಗೆದದ್ದು. ಅಂಗಡಿಯ ದೀಪದಡಿ ಕಡುನೀಲಿ ಕಪ್ಪಾಗಿ ಕಾಣುತ್ತದೆ. "ಎರಡು ಕೊಂಡರೆ ಒಂದು ಉಚಿತ" ಎಂಬಲ್ಲಿ ಆ ಮೂರನೆಯದು ಎಂಟನೇ ಕುರ್ತಾ ಆಗಿರುತ್ತದೆ.

ಕಲೆ ಮತ್ತು ಮಳೆಗಾಲ

ಅರಿಶಿನದ ಕಲೆಗೆ ಸೋಪು ತಾಗಿದೊಡನೆ ಕೆಂಪಾಗುತ್ತದೆ, ಬಟ್ಟೆ ಹಾಳಾಯಿತೆಂದು ಎಷ್ಟೋ ಜನ ಉಜ್ಜಿ ಉಜ್ಜಿ ನೂಲೇ ಎಬ್ಬಿಸುತ್ತಾರೆ. ಸೋಪಿನ ಕ್ಷಾರಕ್ಕೆ ಅರಿಶಿನ ಹಾಗೆ ಬಣ್ಣ ಬದಲಿಸುವುದು ಸಹಜ. ಚೆನ್ನಾಗಿ ಜಾಲಿಸಿ ನೇರ ಬಿಸಿಲಿಗೆ ಹಾಕಿ. ಬಿಸಿಲಿಗೆ ಅದು ತಾನಾಗಿ ಮಾಸುತ್ತದೆ, ಗಟ್ಟಿ ಕಲೆಯಾದರೆ ಎರಡು-ಮೂರು ಬಿಸಿಲು ಬೇಕು. ಹಾಲು, ಮೊಟ್ಟೆ, ರಕ್ತಕ್ಕೆ ತಣ್ಣೀರು ಮಾತ್ರ, ಬಿಸಿನೀರು ಬಿದ್ದರೆ ಕಲೆ ಕಚ್ಚಿಕೊಳ್ಳುತ್ತದೆ. ಎಣ್ಣೆ-ತುಪ್ಪಕ್ಕೆ ಪಾತ್ರೆ ತೊಳೆಯುವ ದ್ರವ ಒಂದು ಹನಿ, ನೀರು ತಾಗಿಸುವ ಮುಂಚೆ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಬಿಳಿ ಬಟ್ಟೆ ಬೇಗ ಮಂಕಾಗುತ್ತದೆ. ಅಂಥ ಬಡಾವಣೆಯವರು ಕೆನೆ ಬಣ್ಣದ ಪ್ಯಾಂಟ್ ಆಸೆಯನ್ನೂ ಬಿಟ್ಟು ಖಾಕಿಗೆ ಹೋಗಬಹುದು.

ಮಡಿಕೇರಿ, ಸಾಗರ, ಉಡುಪಿ, ಮಂಗಳೂರು ಕಡೆ ಜೂನ್‌ನಿಂದ ಸೆಪ್ಟೆಂಬರ್ ವರೆಗೆ ಒಣಗುವ ದಿನವನ್ನು ಎರಡರ ಬದಲು ನಾಲ್ಕು ಎಂದು ಹಿಡಿಯಿರಿ, ಕುರ್ತಾ ಒಂಬತ್ತಾಗುತ್ತದೆ. ಆ ಹೆಚ್ಚಿನ ಎರಡು ಪಾಲಿಕಾಟನ್ ಇರಲಿ. ಮಶೀನಿನಲ್ಲಿ ಇನ್ನೊಂದು ಸಲ ಸ್ಪಿನ್ ಕೊಟ್ಟು, ಹ್ಯಾಂಗರಿಗೆ ಹಾಕಿ, ಬಟ್ಟೆಗೂ ಬಟ್ಟೆಗೂ ಒಂದು ಗೇಣು ಅಂತರ ಬಿಟ್ಟು ಫ್ಯಾನಿನಡಿ ಒಣಗಿಸಿ. ಪೂರ್ತಿ ಒಣಗದ ಒಂದು ಬಟ್ಟೆ ಬೀರು ಸೇರಿದರೆ ಇಡೀ ಅರೆಗೆ ಬೂಸ್ಟು. ಗಂಜಿ ಹಾಕಿದ ಸೀರೆಯನ್ನು ಮಳೆಗಾಲಕ್ಕೆ ಹಾಗೇ ಎತ್ತಿಡಬಾರದು, ಆ ಪಿಷ್ಟ ತಿನ್ನಲು ಸಿಲ್ವರ್‌ಫಿಶ್ ಬರುತ್ತವೆ. ರೇಷ್ಮೆಯನ್ನು ಪ್ಲಾಸ್ಟಿಕ್ ಕವರಿನಲ್ಲಿಡದೆ ಹಳೆಯ ಪಂಚೆಯಲ್ಲಿ ಸುತ್ತಿ, ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇದ್ದರೆ ಜರಿ ಅಲ್ಲೇ ಸೀಳುತ್ತದೆ. ನುಸಿಗುಳಿಗೆ ಜರಿಗೆ ತಾಗದಂತಿರಲಿ. ಮಗುವಿನ ಬಟ್ಟೆಯ ಅರೆಯಲ್ಲಂತೂ ಅದು ಬೇಡವೇ ಬೇಡ: ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಹಸುಗೂಸುಗಳಿಗೆ ಗುಳಿಗೆಯಲ್ಲಿನ ನ್ಯಾಫ್ತಲೀನ್ ಸೋಂಕಿದ ಬಟ್ಟೆಯಿಂದ ಕೆಂಪು ರಕ್ತಕಣ ಒಡೆದು ಕಾಮಾಲೆ ಬರುವ ಅಪಾಯವಿದೆ.

ಬೀರುವಿನೊಳಗಿನ ಜಾಗ

ಒಂದು ಹ್ಯಾಂಗರಿಗೆ ಒಂದು ಜೊತೆ: ಕೆಳಗೆ ಪ್ಯಾಂಟ್, ಮೇಲೆ ಕುರ್ತಾ, ಕೊಕ್ಕೆಗೆ ದುಪಟ್ಟಾ. ಭಾನುವಾರ ಸಂಜೆ ನಾಲ್ಕು ಜೊತೆ ಕಟ್ಟಿ ತೂಗುಹಾಕಿ, ಬುಧವಾರದ ಒಗೆತ ಬಂದ ಮೇಲೆ ಉಳಿದವು. ಹಾಕಿ ಬಂದ ಹ್ಯಾಂಗರ್ ಬಲತುದಿಗೆ ಹೋಗಲಿ. ಮೂರು ತಿಂಗಳಾದರೂ ಎಡತುದಿಯಲ್ಲೇ ಉಳಿದ ಕುರ್ತಾ ಯಾವುದೆಂದು ಆಗ ಕಣ್ಣಿಗೇ ಕಾಣುತ್ತದೆ. ಬಾಗಿಲ ಒಳಬದಿಯ ಡಬ್ಬಿಯಲ್ಲಿ ಸೂಜಿ, ಕಪ್ಪು-ಬಿಳಿ-ಕೆಂಪು ದಾರ, ಹುಕ್ಕುಗಳು, ಲಾಡಿ ಸೇರಿಸುವ ದೊಡ್ಡ ಪಿನ್ನು, ಹತ್ತಾರು ಸೇಫ್ಟಿ ಪಿನ್ನು ಇರಲಿ, ಮಗುವಿನ ಕೈಗೆಟುಕದ ಎತ್ತರದಲ್ಲಿ.

ಹೊರಹೋಗುವ ಬಟ್ಟೆಗೂ ದಾರಿ ಬೇಕು. ಮೆತ್ತಗಾದ ಹತ್ತಿ ಸೀರೆ ಕೌದಿಗೆ, ಮಗುವಿನ ಹಾಸಿಗೆಯ ಹೊದಿಕೆಗೆ, ರೇಷ್ಮೆ ಸುತ್ತುವುದಕ್ಕೆ ಆಗುತ್ತದೆ. ಪಾಲಿಯೆಸ್ಟರ್ ನೀರು ಹೀರದ್ದರಿಂದ ನೆಲ ಒರೆಸಲೂ ಬರುವುದಿಲ್ಲ, ಚೆನ್ನಾಗಿರುವಾಗಲೇ ಯಾರಿಗಾದರೂ ಕೊಟ್ಟುಬಿಡಿ. ಕೊಡುವ ಮುಂಚೆ ಒಗೆದು, ಹುಕ್ ಹಚ್ಚಿ, ಪ್ಯಾಂಟಿನ ಲಾಡಿ ಇದೆಯೇ ನೋಡಿ ಕೊಡಿ.